ಪ್ಲಾಮೆನ್‌ನ ನಂಬರು

ಸೆಪ್ಟೆಂಬರ್ 28, ಭಾನುವಾರ

ಗುರುವಾರ ನನ್ನ ಗಂಡ ಪ್ಲಾಮೆನ್‌ನನ್ನು ಮಣ್ಣು ಮಾಡಿದೆವು. ಯಾರ ಹತ್ತಿರವೂ ಮಾತಾಡಲು ಮನಸ್ಸಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಶಾಲೆ ಬಿಟ್ಟ ಮೇಲೆ ಇಷ್ಟುದ್ದ ಬರೆದದ್ದೇ ಇಲ್ಲ.

ಬಂದರಿನ ಕ್ರೇನಿನ ಮೇಲೆ, ಆ ಗಾಜಿನ ಗೂಡಿನಲ್ಲಿ, ಕೂತಲ್ಲೇ ಹೋದ. ಹೊರೆ ಯಾಕೆ ಗಾಳಿಯಲ್ಲೇ ನಿಂತಿತು ಎಂದು ಕೆಳಗಿದ್ದವರು ಬೈಯುತ್ತಿದ್ದರಂತೆ. ಹೃದಯ ನಿಂತದ್ದು ಎಂದರು ವೈದ್ಯರು. ಒಂದು ದಿನ ತಲೆನೋವು ಎಂದವನಲ್ಲ.

ಈ ಮನೆಯಲ್ಲಿ ಹೃದಯದ ಕಾಯಿಲೆ ಇರುವುದು ಅವನ ತಾಯಿ ದೊನ್ಕಾ ಅವರಿಗೆ. ಅವರ ಎಡ ಎದೆಯ ಚರ್ಮದಡಿಯಲ್ಲಿ ಬೆಂಕಿಪೊಟ್ಟಣದಷ್ಟು ಒಂದು ಯಂತ್ರ ಕೂರಿಸಿದ್ದಾರೆ. ಮಂಚದ ಪಕ್ಕ ಹಸಿರು ದೀಪದ ಪುಟ್ಟ ಪೆಟ್ಟಿಗೆ ಇದೆ. ಅವರು ನಿದ್ದೆ ಮಾಡುವಾಗ ಅದು ಎದೆಯೊಳಗಿನ ಸಮಾಚಾರವನ್ನೆಲ್ಲ ತೆಗೆದುಕೊಂಡು ದೊಡ್ಡ ಊರಿನ ಆಸ್ಪತ್ರೆಗೆ ಕಳಿಸುತ್ತದೆ. ಎದೆಯಲ್ಲಿ ನೀರು ತುಂಬತೊಡಗಿದರೆ ಇವರಿಗಿಂತ ಮೊದಲು ಅಲ್ಲಿಯವರಿಗೆ ಗೊತ್ತಾಗುತ್ತದೆ. ಆಗ ಪ್ಲಾಮೆನ್‌ಗೆ ಫೋನ್ ಮಾಡಿ ಈ ಮಾತ್ರೆ ಜಾಸ್ತಿ ಮಾಡಿ, ಆ ಮಾತ್ರೆ ಬಿಡಿ ಎನ್ನುತ್ತಿದ್ದರು. ಅದೆಲ್ಲ ತಾಯಿ ಮಗನ ವ್ಯವಹಾರ. ನಾನು ಆ ಕೋಣೆಗೆ ಹೋಗುತ್ತಿದ್ದದ್ದೇ ಅಪರೂಪ. ಮದುವೆಯಾದಾಗಿನಿಂದ ಒಂದೇ ಸೂರಿನ ಕೆಳಗೆ ನಮ್ಮದು ಎರಡು ಒಲೆ. ನಮಗೆ ಮಕ್ಕಳಾಗಿದ್ದರೆ ಬೇರೆ ಥರ ಇರುತ್ತಿತ್ತೋ ಏನೋ.

ಒಂದು ಹೃದಯವನ್ನು ಆಸ್ಪತ್ರೆಗೆ ಆಸ್ಪತ್ರೆಯೇ ಕಾಯುತ್ತಿತ್ತು. ಇನ್ನೊಂದನ್ನು ಯಾರೂ ನೋಡಲಿಲ್ಲ, ಪಕ್ಕದಲ್ಲೇ ಮಲಗುತ್ತಿದ್ದ ನಾನೂ.

ಸುದ್ದಿ ಬಂದ ಕೂಡಲೇ ಪಕ್ಕದ ಮನೆಯ ತ್ಸೇನಕ್ಕ ಓಡಿ ಬಂದು ಕನ್ನಡಿಗಳಿಗೆ ಕಪ್ಪು ಬಟ್ಟೆ ಹೊದಿಸಿದಳು. ಗಡಿಯಾರ ನಿಲ್ಲಿಸಿದಳು. ನಲವತ್ತು ದಿನ ಆತ್ಮ ಮನೆಯ ಸುತ್ತ ಇರುತ್ತದೆ, ಅದಕ್ಕೆ ದೇವರ ಪಟದ ಮುಂದಿನ ಎಣ್ಣೆ ದೀಪವೊಂದೇ ಕಾಣಬೇಕು, ಮಿಣುಕುವ ಬೇರೆ ಯಾವುದನ್ನು ನೋಡಿದರೂ ದಾರಿ ತಪ್ಪುತ್ತದೆ ಎಂದು ಕೋಣೆ ಕೋಣೆಗೂ ಹೋಗಿ ತಂತಿ ಕಿತ್ತು ಬಂದಳು. ನಾನು ಕುರ್ಚಿಯಲ್ಲಿ ಕೂತು ನೋಡುತ್ತಿದ್ದೆ, ಸಿನಿಮಾ ನೋಡುವ ಹಾಗೆ.

ಶವಪೆಟ್ಟಿಗೆ ಮುಚ್ಚುವ ಮುಂಚೆ ಅವನ ತಾಯಿ ಅವನ ಕೋಟಿನ ಜೇಬಿಗೆ ಅವನ ಗುಂಡಿ ಒತ್ತುವ ಹಳೇ ಫೋನ್ ಇಟ್ಟರು. "ಇಲ್ಲದಿದ್ರೆ ಅಲ್ಲೂ ಜೇಬು ತಡಕಾಡ್ತಾನೆ" ಎಂದರು. ಅಳಲಿಲ್ಲ. ಇವತ್ತಿನವರೆಗೂ ಅವರು ಅತ್ತದ್ದನ್ನು ನಾನು ನೋಡಿಲ್ಲ.

ವಾರ್ನಾದಿಂದ ನನ್ನ ತಂಗಿ ಫೋನ್ ಮಾಡಿದ್ದಳು. ನಲವತ್ತು ಮುಗಿದ ಕೂಡಲೇ ಬಾ ಅಂದಳು. ಬರುತ್ತೇನೆ ಎಂದೆ.

ಸೆಪ್ಟೆಂಬರ್ 30, ಮಂಗಳವಾರ

ಹೊಲಿಗೆ ಕಾರ್ಖಾನೆಗೆ ಮತ್ತೆ ಹೋದೆ. ಊಟದ ಹೊತ್ತಿಗೆ ಎಂದಿನಂತೆ ಬೆರಳು ತಾನಾಗಿ ಪ್ಲಾಮೆನ್‌ನ ನಂಬರು ಒತ್ತಿತು.

ಗಂಟೆ ಹೊಡೆಯಬಹುದು ಎಂದುಕೊಂಡಿದ್ದೆ. ಸತ್ತುಹೋಗಿರಬಹುದು ಎಂದೂ ಅಂದುಕೊಂಡಿದ್ದೆ. ಎರಡೂ ಅಲ್ಲ. ಆ ನಂಬರು ಬೇರೊಂದು ಕರೆಯಲ್ಲಿತ್ತು.

ಫೋನು ಕೈಯಿಂದ ಜಾರಿ ಅಂಗಿಗಳ ರಾಶಿಯ ಮೇಲೆ ಬಿತ್ತು.

ಅಕ್ಟೋಬರ್ 2, ಗುರುವಾರ

ನಿನ್ನೆ ಮಾಡಿದಾಗ ಗಂಟೆ ಹೊಡೆಯಿತು. ಗುಡ್ಡದ ಮೇಲೆ ಸ್ಮಶಾನದ ಗೋಡೆಗೆ ತಾಗಿಯೇ ಫೋನಿನ ಟವರ್ ಇದೆ. ಅದಕ್ಕೇ ಅಷ್ಟು ಮಣ್ಣಿನ ಕೆಳಗೂ ಸಿಗುತ್ತಿರಬೇಕು. ಕತ್ತಲಲ್ಲಿ ಅವನ ಎದೆಯ ಮೇಲೆ ಅದು ಮಿನುಗುವುದನ್ನು ನೆನೆದು ತಟ್ಟನೆ ಇಟ್ಟುಬಿಟ್ಟೆ.

ಇವತ್ತು ಸಿಗಲೇ ಇಲ್ಲ. ಬ್ಯಾಟರಿ ಮುಗಿದಿದೆ. ಆದರೆ ಮಂಗಳವಾರ ಅವನ ನಂಬರಿಗೆ ಯಾರೋ ಫೋನ್ ಮಾಡುತ್ತಿದ್ದರು. ಊರಿಗೆಲ್ಲ ಅವನು ಸತ್ತದ್ದು ಗೊತ್ತು. ಪ್ರತಿ ಕಂಬದ ಮೇಲೂ ಅವನ ಚಿತ್ರವಿರುವ ಸಾವಿನ ಪ್ರಕಟಣೆ ಅಂಟಿಸಿದ್ದೇವೆ. ಗೊತ್ತಿಲ್ಲದವರು ಯಾರು? ಅಥವಾ ಗೊತ್ತಿದ್ದೂ ನನ್ನ ಹಾಗೇ ಬೆರಳು ತಡೆಯಲಾರದವರು ಯಾರು?

ಅಕ್ಟೋಬರ್ 4, ಶನಿವಾರ

ಗುಡ್ಡಕ್ಕೆ ಹೋದೆ. ಹೊರಡುವಾಗ ಅವನ ತಾಯಿಯನ್ನು ಕರೆದೆ.

"ನನ್ನ ಕಾಲು ಬರಲ್ಲ. ನೀನು ಹೋಗಿ ಬಾ" ಎಂದರು, ಮುಖ ತಿರುಗಿಸಿಕೊಂಡು.

ಒಬ್ಬನೇ ಮಗ. ಮಣ್ಣು ಇನ್ನೂ ಕೂತಿಲ್ಲ. ಕಾಲು ಬರುವುದಿಲ್ಲವಂತೆ.

ಗೋರಿಯ ಮೇಲೆ ಉರಿದು ಮುಗಿದ ಮೇಣದ ತುಂಡುಗಳಿದ್ದವು. ಒಂದಲ್ಲ, ಒಂದು ಹಿಡಿಯಷ್ಟು. ಸುತ್ತಲಿನ ನೆಲ ಗುಡಿಸಿತ್ತು. ಶಿಲುಬೆಯ ಬುಡದಲ್ಲಿ ಒಂದು ಸಿಗರೇಟನ್ನು ನೆಟ್ಟಗೆ ಮಣ್ಣಿಗೆ ಚುಚ್ಚಿದ್ದರು. ಕೊನೆಯವರೆಗೆ ಉರಿದು ಬೂದಿ ಹಾಗೇ ನಿಂತಿತ್ತು. ಅವನು ಸೇದುತ್ತಿದ್ದ ಜಾತಿಯದೇ.

ನಾನು ತಂದ ಮೇಣದಬತ್ತಿ ಹಚ್ಚಲು ಎಷ್ಟು ಕಡ್ಡಿ ಗೀರಿದರೂ ಗಾಳಿಗೆ ನಿಲ್ಲಲಿಲ್ಲ.

ಅಕ್ಟೋಬರ್ 9, ಗುರುವಾರ

ಬೇಲಿಯಾಚೆ ತ್ಸೇನಕ್ಕ ಮೆಣಸಿನಕಾಯಿ ಸುಡುತ್ತಿದ್ದಳು. ಕೇಳಬಾರದೆಂದುಕೊಂಡೇ ಕೇಳಿದೆ, ಪ್ಲಾಮೆನ್‌ನ ಗೋರಿಗೆ ಯಾರು ಹೋಗ್ತಾರೆ ಅಂತ.

"ನಂಗೇನ್ ಗೊತ್ತು ಕಣೇ? ನಾನು ಹೋಗೋದು ನಮ್ಮೆಜಮಾನ್ರ ಹತ್ರ, ಅದೂ ಬೈಯೋಕೆ."

"ಯಾರೋ ದಿನಾ ಹೋಗ್ತಾರೆ ಅಕ್ಕ. ಗುಡಿಸ್ತಾರೆ. ಸಿಗರೇಟು ಹಚ್ಚಿ ಇಡ್ತಾರೆ."

ಅವಳು ಇಕ್ಕಳವನ್ನು ಗಾಳಿಯಲ್ಲೇ ಹಿಡಿದು ನನ್ನನ್ನು ನೋಡಿದಳು. "ನೋಡು, ಬಂದರಿನ ಕ್ಯಾಂಟೀನಲ್ಲಿ ಒಬ್ಳು ಕೆಂಪು ಕೂದ್ಲಿನೋಳು ಇದಾಳೆ. ಹಾಗಂತ ನಾನೇನೂ ಹೇಳ್ತಿಲ್ಲಪ್ಪ. ಸತ್ತೋರ ಬಗ್ಗೆ ನಾನ್ಯಾಕೆ ಮಾತಾಡ್ಲಿ?" ಎಂದು ಇನ್ನೂ ಅರ್ಧ ಗಂಟೆ ಮಾತಾಡಿದಳು.

ಕೆಂಪು ಕೂದಲು.

ಮನೆಗೆ ಬಂದರೆ ಹಜಾರದಲ್ಲಿ ಪ್ಲಾಮೆನ್ ನಡೆಯುವ ಸದ್ದು. ಅವನ ಚಪ್ಪಲಿ ನೆಲಕ್ಕೆ ಎಳೆಯುವ ಅದೇ ಸದ್ದು. ಆಮೇಲೆ ಅದೇ ಒಣ ಕೆಮ್ಮು. ಬಾಗಿಲ ಚಿಲಕ ಹಿಡಿದುಕೊಂಡೇ ನಿಂತುಬಿಟ್ಟೆ. ಕಾಣಿಸಿಕೊಂಡದ್ದು ಅವನ ತಾಯಿ. ಅವನ ದೊಡ್ಡ ಮನೆಚಪ್ಪಲಿ ಮೆಟ್ಟಿದ್ದರು.

"ನಿಮ್ಮ ಚಪ್ಪಲಿ ಎಲ್ಲಿ?"

"ಹಿಡೀತಿಲ್ಲ" ಎಂದರು.

ಅವನ ನೆನಪಿಗೆ ಹಾಕಿಕೊಂಡಿದ್ದೇನೆ ಎನ್ನಲು ಏನು ಕಷ್ಟ? ಚಪ್ಪಲಿ ನನ್ನ ಗಂಡನದೂ ಹೌದು ಎಂದು ಹೇಳಬೇಕೆನಿಸಿತು. ಹೇಳಲಿಲ್ಲ.

ಅಕ್ಟೋಬರ್ 11, ಶನಿವಾರ

ಮತ್ತೆ ಮೇಣ, ಮತ್ತೆ ಸಿಗರೇಟು. ಈ ಸಲ ಒಂದು ಸಣ್ಣ ಲೋಟದಲ್ಲಿ ರಾಕಿಯಾ ಸಾರಾಯಿ ಕೂಡ. ಅವನಿಗೆ ಪ್ಲಮ್ ಹಣ್ಣಿನದೇ ಬೇಕಿತ್ತು, ದ್ರಾಕ್ಷಿಯದು ಮುಟ್ಟುತ್ತಿರಲಿಲ್ಲ. ಮೂಸಿ ನೋಡಿದೆ. ಪ್ಲಮ್‌ನದೇ.

ಅವಳಿಗೆ ಅದೂ ಗೊತ್ತು.

ಅಕ್ಟೋಬರ್ 15, ಬುಧವಾರ

ಅತ್ತೆ ಈಗ ಮಂಚದ ಮೇಲೆ ಮಲಗುವುದಿಲ್ಲ. ತಮ್ಮ ಕೋಣೆಯ ದೇವರ ದೀಪದ ಪಕ್ಕ ಕುರ್ಚಿಯಲ್ಲಿ, ಬೆನ್ನಿಗೆ ಎರಡು ದಿಂಬು ಕೊಟ್ಟುಕೊಂಡು, ಕೂತೇ ಕಣ್ಣು ಮುಚ್ಚುತ್ತಾರೆ. ಮಗನ ಆತ್ಮಕ್ಕೆ ಕಾವಲು ಎಂದುಕೊಂಡೆ. ಬೆಳಿಗ್ಗೆ ದೀಪಕ್ಕೆ ಎಣ್ಣೆ ಹಾಕಲು ಹೋದಾಗ ಎಚ್ಚರವಾಗಿ, "ಮಲಗಿದ್ರೆ ಮೇಲೆ ಯಾರೋ ಕೂತ ಹಾಗಾಗುತ್ತೆ" ಎಂದರು.

"ಅವರೇನಾ?" ಎಂದು ಕೇಳಿದೆ.

ಬೆನ್ನಿನ ದಿಂಬು ಸರಿಮಾಡಿಕೊಂಡರು. "ಅವನೇ ಇರಬೇಕು" ಎಂದರು.

ಹುರುಳಿಕಾಯಿ ಸೂಪು ಮಾಡಿ ಅವರಿಗೂ ಒಂದು ಬಟ್ಟಲು ಕೊಟ್ಟೆ. ನಾಲ್ಕು ಚಮಚ ಕುಡಿದು ಹೊಟ್ಟೆ ತುಂಬಿತು ಎಂದರು. ನನ್ನ ಒಲೆಯದ್ದು ಅವರಿಗೆ ಎಂದೂ ರುಚಿಸಿಲ್ಲ.

ಅಕ್ಟೋಬರ್ 18, ಶನಿವಾರ

ಗೋರಿಯ ಮೇಲೆ ಬರೀ ಎಲೆ. ಮೇಣವಿಲ್ಲ, ಬೂದಿಯಿಲ್ಲ. ಲೋಟದಲ್ಲಿ ಮಳೆನೀರು.

ಅವಳೂ ಮರೆತಳು. ಖುಷಿಯಾಗಬೇಕಿತ್ತು. ಆಗಲಿಲ್ಲ. ಅವಳು ಬರುತ್ತಿದ್ದಾಗ ಅವನ ಮೇಲೆ ಕೋಪವಾದರೂ ಇತ್ತು. ಎಲೆಗಳನ್ನು ನಾನೇ ಗುಡಿಸಿದೆ.

ಇಳಿದು ಬರುವಾಗ ಇನ್ನೊಂದು ಯೋಚನೆ ಬಂತು. ಅವನ ನಂಬರು ನನ್ನ ಹೆಸರಿನಲ್ಲೇ ಇದೆ. ನಮ್ಮಿಬ್ಬರ ನಂಬರೂ ನಾನೇ ತೆಗೆಸಿದ್ದು.

ಅಕ್ಟೋಬರ್ 21, ಮಂಗಳವಾರ

ಅಂಗಡಿಯ ಹುಡುಗಿ, "ಫೋನ್ ಕಳೆದುಹೋಯ್ತಾ?" ಎಂದು ಕೇಳಿದಳು. ಹೌದು ಎಂದೆ. ಅದೇ ನಂಬರಿನ ಹೊಸ ಸಿಮ್ ಕೊಟ್ಟಳು. ಅಷ್ಟು ಸುಲಭ.

ಹಳೆಯ ಫೋನೊಂದಕ್ಕೆ ಹಾಕಿ ಏಪ್ರನ್ನಿನ ಜೇಬಿನಲ್ಲಿಟ್ಟುಕೊಂಡಿದ್ದೇನೆ. ಕಾಲರು ಹೊಲಿಯುವಾಗ ಅದು ತೊಡೆಗೆ ತಾಗುತ್ತದೆ. ಸತ್ತವನ ನಂಬರನ್ನು ಮಣ್ಣಿನಿಂದ ಎತ್ತಿ ತಂದ ಹಾಗೆ ಅನಿಸುತ್ತಿದೆ. ಕರೆ ಬಂದರೆ ಏನು ಹೇಳಬೇಕು ಎಂದು ಸಿದ್ಧ ಮಾಡಿಕೊಂಡಿದ್ದೇನೆ.

ಅಕ್ಟೋಬರ್ 23, ಗುರುವಾರ

ಬೆಳಿಗ್ಗೆ ಮೊದಲ ಚಹಾದ ಬಿಡುವಿಗೆ ಮುಂಚೆ ಫೋನು ನಡುಗಿತು. ಶೌಚಾಲಯಕ್ಕೆ ಓಡಿ ಬಾಗಿಲು ಹಾಕಿಕೊಂಡೆ. ಕಿವಿಗಿಟ್ಟುಕೊಂಡು ಉಸಿರೆತ್ತಲಿಲ್ಲ.

"ಅಂತೂ ಸಿಕ್ಕಿದ್ರಲ್ಲ ಪ್ಲಾಮೆನ್!" ಹೆಂಗಸಿನ ದನಿ. ಹೊಸಬಳಲ್ಲ, ಸಲುಗೆಯ ದನಿ. "ಎಷ್ಟು ದಿನದಿಂದ ಹುಡುಕ್ತಿದೀನಿ ನಿಮ್ಮನ್ನ! ಎಲ್ಲಿ ಮಾಯ ಆಗಿಬಿಟ್ರಿ?"

ಸಿದ್ಧ ಮಾಡಿಕೊಂಡದ್ದೆಲ್ಲ ಮರೆತೇ ಹೋಯಿತು. "ಯಾರೇ ನೀನು?" ಎಂದೆ. "ನನ್ನ ಗಂಡನ ಜೊತೆ ನಿಂಗೇನು ಕೆಲಸ?"

"ನಾನು ಹೃದಯದ ಆಸ್ಪತ್ರೆಯಿಂದ ಸಿಸ್ಟರ್ ಇಸ್ಕ್ರಾ. ದೂರದಿಂದ ರೋಗಿಗಳನ್ನ ನೋಡ್ಕೊಳ್ಳೋ ವಿಭಾಗ. ದೊನ್ಕಾ ಅಮ್ಮನ ಪೆಟ್ಟಿಗೆಯಿಂದ ಕಳೆದ ತಿಂಗಳು ಇಪ್ಪತ್ನಾಲ್ಕರಿಂದ ಏನೂ ಬಂದಿಲ್ಲ. ಮೊದಲನೇ ವಾರ ಈ ನಂಬರಿಗೆ ಗಂಟೆ ಹೊಡೀತಿತ್ತು, ಯಾರೂ ತೆಗೀಲಿಲ್ಲ. ನಮ್ಮಲ್ಲಿ ಇನ್ಯಾವ ನಂಬರೂ ಇಲ್ಲ."

"ಅವರು ಇಪ್ಪತ್ನಾಲ್ಕಕ್ಕೇ ಹೋದ್ರು. ಫೋನು ಅವರ ಜೊತೆ ಮಣ್ಣಲ್ಲಿತ್ತು" ಎಂದೆ.

ಆಕೆ ತುಂಬ ಮೆತ್ತಗೆ ಕೇಳಿದಳು: "ಅಮ್ಮ ಹೇಗಿದಾರೆ? ಕಾಲು ಊದಿದೆಯಾ? ಮಲಗಿ ನಿದ್ದೆ ಮಾಡ್ತಾರಾ, ಕೂತ್ಕೊಂಡಾ?"

ಕೂತುಕೊಂಡು ಎನ್ನುವಾಗಲೇ ನಾನು ಮೆಟ್ಟಿಲಿಳಿಯುತ್ತಿದ್ದೆ. ಮೇಲ್ವಿಚಾರಕ ಏನೋ ಕೂಗಿದ.

ಅತ್ತೆ ಕುರ್ಚಿಯಲ್ಲೇ ಇದ್ದರು. ತುಟಿ ಸೀಸದ ಬಣ್ಣಕ್ಕೆ ತಿರುಗಿತ್ತು. ದಿನಾ ನೋಡುತ್ತಿದ್ದ ಮುಖ, ಈಗ ಕಂಡಿತು. ಮಂಚದ ಪಕ್ಕದ ಕಪ್ಪು ಬಟ್ಟೆ ಎತ್ತಿದರೆ ಕೆಳಗೆ ಆ ಪೆಟ್ಟಿಗೆ, ದೀಪವಿಲ್ಲದೆ, ತಂತಿ ಸುತ್ತಿಟ್ಟಿತ್ತು. ತ್ಸೇನಕ್ಕನ ಕೈ. ಮಿಣುಕುವುದನ್ನೆಲ್ಲ ಕಿತ್ತವಳು ಇದನ್ನು ಬಿಡುತ್ತಾಳೆಯೇ?

"ನಿಮಗೆ ಗೊತ್ತಿತ್ತಾ?"

"ನಾನಿಲ್ಲೇ ಕೂತಿದ್ನಲ್ಲ, ಅವಳು ಕಿತ್ತಾಗ." ಎರಡು ಮಾತಿಗೊಮ್ಮೆ ಉಸಿರು ತೆಗೆದುಕೊಳ್ಳುತ್ತಿದ್ದರು. "ಬಿಡು ಅಂದ್ಕೊಂಡೆ. ಇನ್ನು ಇದನ್ನ ಕಾದು ಯಾರಿಗೇನಾಗ್ಬೇಕು? ಅವನು ದಾರಿ ತಪ್ಪದೆ ಹೋಗ್ಲಿ."

ತಂತಿ ಹಾಕಿದೆ. ಹಸಿರು ದೀಪ ಬಂತು. ಇಸ್ಕ್ರಾ ಫೋನಿನಲ್ಲಿ ಹೇಳಿದ ಗುಂಡಿ ಒತ್ತಿ ಇಬ್ಬರೂ ದೀಪ ನೋಡುತ್ತ ಕಾದೆವು. ಸ್ವಲ್ಪ ಹೊತ್ತಿಗೆ ಅವಳೇ ಮತ್ತೆ ಮಾಡಿದಳು. ಈಗ ದನಿಯಲ್ಲಿ ಸಲುಗೆ ಇರಲಿಲ್ಲ. "ಶ್ವಾಸಕೋಶದ ತುಂಬ ನೀರಿದೆ. ಆಂಬುಲೆನ್ಸ್ ಕಳಿಸೋಕೆ ಹೇಳಿದೀನಿ. ತಡ ಮಾಡಬೇಡಿ."

"ನಲವತ್ತು ಮುಗೀಲಿ, ಬರ್ತೀನಿ" ಎಂದರು ಅತ್ತೆ. "ಅವನ ಹೆಸರಿನ ಊಟದ ಮೇಜಿಗೆ ನಾನಿರ್ಬೇಕು."

ಆಗ ನಾನು ಕಿರುಚಿದೆ. ಈ ಮನೆಯಲ್ಲಿ ನಾನು ದನಿ ಎತ್ತಿದ್ದು ಅದೇ ಮೊದಲು. "ಹಾಗಾದ್ರೆ ಎರಡು ಮೇಜು ಹಾಕ್ಲಾ? ಒಂದು ಅವರಿಗೆ, ಒಂದು ನಿಮಗೆ? ಸತ್ತೋರ ಹೆಸರಿನ ಗೋಧಿ ಬೇಯಿಸ್ಕೊಂಡು ನಾನೊಬ್ಳೇ ಕೂತಿರ್ಲಾ? ಒಬ್ರನ್ನ ನೋಡದೆ ಕಳ್ಕೊಂಡೆ. ಎದ್ದೇಳಿ. ಎದ್ದೇಳಿ ಅಂದ್ರೆ!"

ಅವರು ಬೆರಗಾಗಿ ನೋಡಿದರು. ಆಮೇಲೆ ಕೈ ಚಾಚಿದರು, ಎಬ್ಬಿಸು ಎಂದು. ಆ ಕಾಲಿಗೆ ಪ್ಲಾಮೆನ್‌ನ ಚಪ್ಪಲಿಯೂ ಬಿಗಿಯಾಗಿತ್ತು.

ಅಕ್ಟೋಬರ್ 24, ಶುಕ್ರವಾರ

ಬದುಕಿದ್ದಾರೆ. ನಾಳೆಯ ಮಾತು ನಾಳೆ ಎಂದರು ವೈದ್ಯರು. ದೊಡ್ಡ ಊರಿನ ಆಸ್ಪತ್ರೆಯ ಹಜಾರದಲ್ಲಿ ಕೂತು ಬರೆಯುತ್ತಿದ್ದೇನೆ.

ಅಕ್ಟೋಬರ್ 28, ಮಂಗಳವಾರ

ನೀರು ಇಳಿಯುತ್ತಿದೆ. ಅಮ್ಮ ಇವತ್ತು ಅರ್ಧ ಒರಗಿ ಮಲಗಿದ್ದರು.

ಇಸ್ಕ್ರಾ ತನ್ನ ಕೋಣೆಗೆ ಕರೆದಳು. ಗುಂಗುರು ಕೂದಲಿನ ಗಿಡ್ಡ ಹೆಂಗಸು, ಮೇಜಿನ ಮೇಲೆ ಅರ್ಧ ತಿಂದ, ಚೀಸ್ ತುಂಬಿದ ಬಾನಿತ್ಸಾ. ಪೆಟ್ಟಿಗೆಗೆ ಕರೆಂಟು ಇಲ್ಲದಿದ್ದರೂ ಎದೆಯೊಳಗಿನ ಯಂತ್ರ ಎಲ್ಲವನ್ನೂ ನೆನಪಿಟ್ಟುಕೊಂಡಿರುತ್ತದಂತೆ. ತಂತಿ ಹಾಕಿದ ಕೂಡಲೇ ಆ ದಿನಗಳೆಲ್ಲ ಒಟ್ಟಿಗೆ ಬಂದವಂತೆ.

"ಒಂದು ಮಾತ್ರ ಅರ್ಥ ಆಗ್ತಿಲ್ಲ" ಎಂದು ಪರದೆ ತೋರಿಸಿದಳು. "ಎಷ್ಟು ನಡೆದ್ರು ಅನ್ನೋದೂ ಇದರಲ್ಲಿ ಬರುತ್ತೆ. ಈ ಹೃದಯ ಇಟ್ಕೊಂಡು ದಿನಾ ಇಷ್ಟು ನಡೆದಿದಾರೆ ನೋಡಿ. ಶನಿವಾರ, ಭಾನುವಾರ ಇಲ್ಲ. ಸೋಮವಾರ ಮತ್ತೆ ಶುರು. ಆಮೇಲೆ ಕಮ್ಮಿ ಆಗ್ತಾ ಆಗ್ತಾ, ಇಲ್ಲಿ ನಿಂತೇ ಹೋಗಿದೆ. ಎಲ್ಲಿಗೆ ಹೋಗ್ತಿದ್ರು? ಕೆಲಸಕ್ಕಾ?"

ಗೀರುಗಳು ಎದ್ದು, ಎದ್ದು, ಕುಗ್ಗಿ, ಚಪ್ಪಟೆಯಾಗಿದ್ದವು. ನಾನು ಕಾರ್ಖಾನೆಗೆ ಹೋದ ದಿನಗಳು. ಚಪ್ಪಟೆಯಾದ ಕಡೆ ಗೋರಿಯ ಮೇಲೆ ಎಲೆ ಬಿದ್ದ ವಾರ.

"ಗುಡ್ಡಕ್ಕೆ" ಎಂದೆ. "ಗುಡ್ಡ ಹತ್ತುತ್ತಿದ್ದರು."

ಅಲ್ಲೇ ಕೂತು ಅತ್ತುಬಿಟ್ಟೆ. ಇಸ್ಕ್ರಾ ಬಾನಿತ್ಸಾ ಕಟ್ಟಿದ್ದ ಕಾಗದದ ಕರವಸ್ತ್ರವನ್ನೇ ಕೊಟ್ಟಳು, ಜಿಡ್ಡಾಗಿತ್ತು.

ಸಂಜೆ ಅಮ್ಮನನ್ನು ಕೇಳಿದೆ, ನನ್ನ ಜೊತೆ ಯಾಕೆ ಬರುತ್ತಿರಲಿಲ್ಲ ಎಂದು.

"ಶನಿವಾರ ನಿಂದು" ಎಂದರು, ಕಣ್ಣು ಮುಚ್ಚಿಕೊಂಡೇ. "ಹೆಂಡತಿ ಗಂಡನ ಹತ್ರ ಹೋಗುವಾಗ ತಾಯಿ ಮಧ್ಯದಲ್ಲಿ ಯಾಕೆ ನಿಲ್ಬೇಕು? ಇಷ್ಟು ವರ್ಷ ನಿಂತಿದ್ದು ಸಾಕು ಅನ್ನಿಸ್ತು. ಮತ್ತೆ ನಾನು ಅಳೋದು ನೀನು ನೋಡೋದು ಬೇಡವಾಗಿತ್ತು. ಅಲ್ಲಿ ಜೋರಾಗಿ ಅಳ್ತೀನಿ. ಕಾಗೆ ಹಾರಿಹೋಗ್ತವೆ."

ನವೆಂಬರ್ 2, ಭಾನುವಾರ

ನಲವತ್ತರ ಊಟ. ಮನೆಯಲ್ಲಿ ತ್ಸೇನಕ್ಕ ಮೇಜು ಹಾಕಿದ್ದಾಳೆ. ಪಾದ್ರಿ ಬಂದು ಹೋದರಂತೆ. ಫೋನಿನಲ್ಲಿ ಅತ್ತಳು. "ನಾನೇ ಕಿತ್ತಿದ್ದು ಕಣೇ, ನಾನೇ ಕೊಂದುಬಿಡ್ತಿದ್ದೆ."

ಅಮ್ಮ ಫೋನು ಇಸಿದುಕೊಂಡರು. "ತ್ಸೇನಾ, ಅಳ್ಬೇಡ. ಗೋಧಿಗೆ ಸಕ್ಕರೆ ಕಮ್ಮಿ ಮಾಡಿಲ್ಲ ತಾನೇ? ನೀನು ಸಕ್ಕರೆಯಲ್ಲಿ ಜಿಪುಣಿ."

ಆಸ್ಪತ್ರೆಯ ಕಿಟಕಿಯಿಂದ ಕಾರು ನಿಲ್ಲಿಸುವ ಜಾಗ ಮಾತ್ರ ಕಾಣುತ್ತದೆ. ಅವನು ಹೊರಡುವ ದಿನ ನಾವಿಬ್ಬರೂ ಮನೆಯಲ್ಲಿಲ್ಲ. ಬಾಗಿಲಲ್ಲಿ ಒಂದು ಗಳಿಗೆ ನಿಂತು ನಮ್ಮನ್ನು ಹುಡುಕಿರಬೇಕು. ಸಂಜೆಯವರೆಗೂ ಅಮ್ಮನ ಕೈ ಹಿಡಿದು ಕೂತಿದ್ದೆ. ಯಾರು ಯಾರ ಕೈ ಹಿಡಿದಿದ್ದರೋ ಗೊತ್ತಿಲ್ಲ.

ವಾರ್ನಾಗೆ ಈಗ ಬರಲಾಗುವುದಿಲ್ಲ ಎಂದು ತಂಗಿಗೆ ಹೇಳಿದೆ. ಯಾವಾಗ ಎಂದು ಕೇಳಿದಳು. ಸಿಗ್ನಲ್ ಸರಿಯಿಲ್ಲ ಎಂದೆ.

ನವೆಂಬರ್ 12, ಬುಧವಾರ

ಮನೆಗೆ ಬಂದು ನಾಲ್ಕು ದಿನವಾಯಿತು. ನನ್ನ ಮಂಚವನ್ನು ಅಮ್ಮನ ಕೋಣೆಗೆ ಎಳೆದು ಹಾಕಿದ್ದೇನೆ. ಒಬ್ಬಳೇ ಎಳೆದೆ, ನೆಲಕ್ಕೆ ಗೀರು ಬಿತ್ತು. ಆಸ್ಪತ್ರೆಯಲ್ಲಿ ಈಗ ನನ್ನ ನಂಬರಿದೆ.

ಬೆಳಗಿನ ಜಾವ ಎಚ್ಚರವಾದರೆ ಅವರ ಉಸಿರು ಕೇಳಿಸುವವರೆಗೆ ನನ್ನ ಉಸಿರು ಹಿಡಿದಿರುತ್ತೇನೆ. ಕೆಲವು ಸಲ ಮೂರನೆಯವರ ಉಸಿರೂ ಕೇಳಿದ ಹಾಗಾಗುತ್ತದೆ. ಆಗ ಮಾತ್ರ ಕಣ್ಣು ಬಿಡುವುದಿಲ್ಲ.

ಇವತ್ತು ಸಂಜೆ ಬಟಾಟೆ ಸುಲಿಯುತ್ತ ಕೂತಿದ್ದಾಗ ಬಾಯಿಂದ ಬಿದ್ದೇ ಹೋಯಿತು. ಗೋರಿಗೆ ಬರುತ್ತಿದ್ದದ್ದು ಬೇರೆ ಹೆಂಗಸು ಎಂದುಕೊಂಡಿದ್ದೆ, ಕ್ಯಾಂಟೀನಿನ ಕೆಂಪು ಕೂದಲಿನವಳು ಎಂದುಕೊಂಡಿದ್ದೆ, ಅವಳನ್ನು ಹಿಡಿಯಲೆಂದೇ ಸಿಮ್ ತಂದದ್ದು ಎಂದೆಲ್ಲ ಹೇಳಿಬಿಟ್ಟೆ. ನನಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಅಮ್ಮನ ಕೈಯಲ್ಲಿದ್ದ ಬಟಾಟೆ ನಿಂತಿತು.

"ಅವನಿಗಾ?" ಎಂದರು. "ನಮ್ಮ ಪ್ಲಾಮೆನ್‌ಗಾ? ಭಾನುವಾರ ಸ್ನಾನ ಮಾಡೋ ಅಂದ್ರೆ ಜ್ವರ ಬಂದಿದೆ ಅಂತಿದ್ದೋನಿಗಾ? ಒಬ್ಳನ್ನ ಒಪ್ಪಿಸೋಕೇ ಮೂರು ವರ್ಷ ನಿಮ್ಮ ಬೀದೀಲಿ ಸೈಕಲ್ ರಿಪೇರಿ ಮಾಡ್ತಾ ಕೂತಿದ್ನಲ್ಲೇ! ಸೈಕಲ್‌ಗೇನೂ ಆಗಿರ್ಲಿಲ್ಲ!"

ಅವರು ನಕ್ಕರು. ಮೊದಲು ಸದ್ದಿಲ್ಲದೆ, ಭುಜ ಮಾತ್ರ ಕುಲುಕುತ್ತ. ಆಮೇಲೆ ಎದ್ದು ನಿಂತು, ಅವನು ಸೈಕಲ್ ಚಕ್ರ ತಿರುಗಿಸುತ್ತ ನಮ್ಮ ಕಿಟಕಿ ನೋಡುತ್ತಿದ್ದ ಬಗೆಯನ್ನು ಮಾಡಿ ತೋರಿಸಿದರು. ಥೇಟು ಅವನೇ. ನನಗೆ ಹೊಟ್ಟೆ ಹಿಡಿದುಕೊಂಡಿತು. ಬಟಾಟೆಗಳು ನೆಲದ ತುಂಬ ಉರುಳಿದವು. ನಕ್ಕು ನಕ್ಕು, ಅಳುವಾಗಿ, ಮತ್ತೆ ನಗುವಾಗಿ, ಮೇಜು ಹಿಡಿದುಕೊಂಡು ನಿಂತೆವು.

ನವೆಂಬರ್ 13, ಗುರುವಾರ

ಕೆಲಸಕ್ಕೆ ಹೊರಟಿದ್ದೆ, ಫೋನು ಬಂತು. ಆಸ್ಪತ್ರೆಯ ನಂಬರು. ಎತ್ತುವ ಮೊದಲು ಗೋಡೆಗೆ ಒರಗಿಕೊಂಡೆ.

"ಗಾಬರಿ ಬೇಡ" ಎಂದಳು ಇಸ್ಕ್ರಾ. "ನಿನ್ನೆ ಸಂಜೆ ಅಮ್ಮನ ಹೃದಯ ಸ್ವಲ್ಪ ಹೊತ್ತು ಜೋರಾಗಿ ಓಡಿದೆ. ತಾನಾಗೇ ಸರಿ ಹೋಗಿದೆ. ಏನಾಗಿತ್ತು? ಬಿದ್ರಾ? ಜಗಳ ಏನಾದ್ರೂ?"

"ಇಲ್ಲ ಸಿಸ್ಟರ್. ನಕ್ಕರು."

"ಏನು?"

"ನಕ್ಕರು."

ಬರೆದುಕೊಳ್ಳುವ ಸದ್ದು ಕೇಳಿಸಿತು. ಅವಳು ಗಂಟಲು ಸರಿಮಾಡಿಕೊಂಡು ಏನೋ ಹೇಳಿದಳು. ಸರಿ ಎಂದು ಇಟ್ಟೆ.

ಒಳಗಿನಿಂದ ಅಮ್ಮ ಕೂಗಿದರು. "ಯಾರೇ ಅದು?"

"ಆಸ್ಪತ್ರೆಯವರು."

"ಏನಂತೆ?"

"ನಗಬಹುದಂತೆ ಅಮ್ಮ. ಆದರೆ ಕೂತ್ಕೊಂಡು."